ಹೊಳೆ ದಾಟಬೇಕಾದ ಇಪ್ಪತ್ತೊಂದು ಮೋಟಾರು

ಹೊನ್ನಾವರ
ರವಿವಾರ, ೨೨ ನವೆಂಬರ್ ೧೯೬೪

ಪ್ರೀತಿಯ ಪಾಂಡು,

ಮಾನ್ಯ ಅಧ್ಯಕ್ಷರೇ, ಗೌರವ ಕಾರ್ಯದರ್ಶಿಗಳೇ, ಮುಂಬಯಿಯ ಹಳೆ ಮೋಟಾರು ಮಿತ್ರಮಂಡಳಿಯ ಸಕಲ ಸದಸ್ಯರೇ, ಮತ್ತು ಹುಟ್ಟಿ ಮೂವತ್ತು ವರ್ಷ ಕಳೆದರೂ ಇನ್ನೂ ಸ್ವಂತ ಗಾಲಿಗಳ ಮೇಲೆ ನಿಂತಿರುವ ಹಿರಿಯ ಮೋಟಾರುಗಳೇ! ತಮ್ಮ ವಾರ್ಷಿಕ ಸಮ್ಮೇಳನಕ್ಕೆ ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ತಕ್ಕ ಸ್ಥಳ ಹುಡುಕುವ ಭಾರವನ್ನು ತಾವು ಒಬ್ಬ ಕನ್ನಡ ಮಾಸ್ತರನ ತಲೆಗೆ ಕಟ್ಟಿದ್ದೀರಿ. ಆತ ಮೂರು ವಾರದಿಂದ ಮೂರು ಊರು ಸುತ್ತಿ, ಒಂದು ಜೊತೆ ಚಪ್ಪಲಿ ಪೂರ್ತಿ, ಇನ್ನೊಂದು ಅರ್ಧ ಸವೆಸಿ, ತನ್ನ ವರದಿಯನ್ನು ಈ ಮಹಾಸಭೆಯ ಮುಂದೆ ವಿನಯಪೂರ್ವಕ ಮಂಡಿಸುತ್ತಾನೆ. ಪೀಠಿಕೆಯಾಗಿ ಎರಡು ಸಾಲು:

ಮೂರು ಊರು, ಮೋಟಾರು ಇಪ್ಪತ್ತೊಂದು,
ನೂರು ಷರತ್ತು, ಮಾಸ್ತರ ಮಾತ್ರ ಒಂದು.

ಚಪ್ಪಾಳೆ ಸಾಕು, ಕುಳಿತುಕೊಳ್ಳಿ. ನೀನೂ ಕೂತ್ಕೋ ಪಾಂಡು. ಪ್ರಾಸ ಬಿಟ್ಟು ಮಾತಾಡೋ ಅಂತ ನೀನು ಚಡ್ಡಿ ಹಾಕುವಾಗಿಂದ ಬೈದರೂ ನಾನು ಬಿಟ್ಟವನಲ್ಲ. ನಲವತ್ತೈದಾಯಿತು, ಇನ್ನು ಬಿಡುವ ಲಕ್ಷಣವೂ ಇಲ್ಲ. ನಿಮ್ಮ ಮಂಡಳಿಯ ನಿಯಮದ ಪ್ರಕಾರ ನಾನೂ ಹದಿನೈದು ವರ್ಷದ ಹಿಂದೆಯೇ ಸದಸ್ಯನಾಗಬೇಕಿತ್ತು.

ನಿನ್ನ ಬೆನ್ನು ಹೇಗಿದೆ? ಗಾಡಿಯ ಅಡಿಯಲ್ಲಿ ಮಲಗಿ ಮಲಗಿ ಹಿಡಿದುಕೊಂಡಿದೆ ಅಂತ ಹೋದ ಚೌತಿಗೆ ಬರೆದಿದ್ದೆಯಲ್ಲ, ಹೊನ್ನಮ್ಮ ಅದಕ್ಕೆಂದು ಎಣ್ಣೆ ಕಾಯಿಸಿ ಇಟ್ಟಿದ್ದಾಳೆ. ನಿನ್ನ ಅತ್ತಿಗೆಯ ಎಣ್ಣೆಯ ವಾಸನೆಗೇ ಅರ್ಧ ನೋವು ಓಡುತ್ತದೆ, ಉಳಿದರ್ಧ ಓಡಲಾಗದೆ ಅಲ್ಲೇ ಇರುತ್ತದೆ. ಪರೇಲದ ಖೋಲಿಯಲ್ಲಿ ಊಟಕ್ಕೆ ಎಂತ ಮಾಡುತ್ತೀಯೋ ಅಂತ ಅಬ್ಬೆ ದಿನಾ ಅಕ್ಕಿ ಅಳೆಯುವಾಗ ಕೇಳುತ್ತಾಳೆ. ಅವಳ ಮೊಣಕಾಲು ಮಳೆಗಾಲ ಮುಗಿದ ಮೇಲೆ ಸಂಧಾನಕ್ಕೆ ಬಂದಿದೆ. ಅಪ್ಪನ ಕಣ್ಣು ಪೂರಾ ಮಂಜು. ಕಿವಿ ಮಾತ್ರ ಇನ್ನೂ ಗ್ಯಾರೇಜಿನದ್ದೇ. ಜಗಲಿಯ ಮೇಲೆ ರಸ್ತೆಗೆ ಮುಖ ಮಾಡಿ ಕೂತು, ಹೋಗುವ ವಾಹನದ ಜಾತಕ ಸದ್ದಿನಲ್ಲೇ ಬರೆಯುತ್ತಾನೆ. ನಿನ್ನೆ ಒಂದು ಲಾರಿ ಹೋಯಿತು. “ಬೆಡ್‌ಫರ್ಡು. ಮೂರನೇ ಗೇರಿನ ಹಲ್ಲು ಹೋತು ಅದರದ್ದು” ಅಂದ. ಸ್ವಲ್ಪ ಹೊತ್ತಿಗೆ ಆ ಲಾರಿ ಬಂದರದ ಏರಿನಲ್ಲಿ ನಿಂತು ಅಳುತ್ತಿತ್ತು.

ಈಗ ಸುದ್ದಿಗೆ ಬರುತ್ತೇನೆ. ನಿಮ್ಮ ಕಾರ್ಯದರ್ಶಿ ಪೆಸ್ತನ್‌ಜೀಯವರ ಟೈಪು ಮಾಡಿದ ಇಂಗ್ಲಿಷು ಪತ್ರ, ಅದರೊಳಗೆ ಅಚ್ಚು ಹಾಕಿಸಿದ ಏಳು ಪ್ರಶ್ನೆಗಳ ಒಂದು ಹಾಳೆ, ಅದರೊಳಗೆ ನಿನ್ನ ನಾಲ್ಕು ಸಾಲು, ಎಲ್ಲ ಒಂದೇ ಲಕೋಟೆಯಲ್ಲಿ ಬಂದವು. ನನ್ನ ಇಂಗ್ಲಿಷು ಧಾರವಾಡದ ಕಾಲೇಜಿನಲ್ಲೇ ನಿವೃತ್ತಿಯಾದದ್ದು, ನಿಘಂಟು ಹಿಡಿದು ಎಬ್ಬಿಸಿದೆ. ಜನವರಿ ಮೂರನೇ ವಾರ, ಗಾಡಿಗಳು ಇಪ್ಪತ್ತೊಂದು, ಹುಬ್ಬಳ್ಳಿ, ಶಿರಸಿ, ದೇವಿಮನೆ ಘಟ್ಟ ಇಳಿದು ಕುಮಟೆ, ಅಲ್ಲಿಂದ ಹೊನ್ನಾವರ, ಅಲ್ಲಿ ಶರಾವತಿ ದಾಟಿ ಭಟ್ಕಳ, ಮೂರೂ ಕಡೆ ಒಂದೊಂದು ದಿನ ವಸ್ತಿ. ನೆಲ ಸಪಾಟು ಇರಬೇಕು, ನೆರಳು ಬೇಕು, ಹತ್ತಿರ ಸಿಹಿನೀರ ಬಾವಿ ಬೇಕು, ಗಾಡಿಗಳ ಮೇಲೆ ದನ ಮೈ ತಿಕ್ಕಬಾರದು. ಕಡೆಯ ಷರತ್ತು ಓದಿ, ಈ ಸಾಹೇಬರು ನಮ್ಮ ಕಡೆಗೆ ಹಿಂದೊಮ್ಮೆ ಬಂದವರೇ ಇರಬೇಕು ಅಂದುಕೊಂಡೆ. ನಿನ್ನ ನಾಲ್ಕು ಸಾಲು ನನಗೆ ಬಾಯಿಪಾಠ: “ಸಾಹೇಬರು ಊರು ಕೇಳಿದರು, ನಿನ್ನ ಹೆಸರು ಕೊಟ್ಟೆ. ಸ್ಥಳ ನೋಡಿ ಬರಿ. ನಾನು ಗಾಡಿಗಳ ಜೊತೆ ಶಿರಸಿಯವರೆಗೆ ಬರುತ್ತೇನೆ. ಘಟ್ಟ ಇಳಿಯುವುದಿಲ್ಲ.” ಒಂಬತ್ತು ವರ್ಷದಲ್ಲಿ ನೀನು ಊರಿಗೆ ಅಷ್ಟು ಹತ್ತಿರ ಬರುತ್ತಿರುವುದು ಇದೇ ಮೊದಲು. ಅಲ್ಲಿಂದ ಮುಂದೆ ಘಟ್ಟದ ತಲೆಗೆ ಬಂದು ಕಣ್ಣು ಹಾಯಿಸಿದರೆ ಸಮುದ್ರ ಕಾಣುತ್ತದೆ, ಗೊತ್ತಲ್ಲ.

ಕಾರ್ಯದರ್ಶಿಗಳ ಪತ್ರದ ಕೊನೆಯಲ್ಲಿ ಪೆನ್ನಿನಿಂದ ಬರೆದ ಒಂದು ವಾಕ್ಯ ಇತ್ತು. ಅದನ್ನು ಮೂರು ಸಲ ನಿಘಂಟಿಗೆ ಹೊಂದಿಸಿ ನೋಡಿದೆ, ಅರ್ಥ ಬದಲಾಗಲಿಲ್ಲ. ನಿಮ್ಮ ತಮ್ಮ ನಮ್ಮಲ್ಲಿ ಎಲ್ಲರಿಗಿಂತ ಒಳ್ಳೆಯ ಕೈ, ಆದರೆ ವಿಚಿತ್ರ ಮನುಷ್ಯ. ಗಾಡಿ ರಿಪೇರಿ ಮಾಡಿದ ಮೇಲೆ ಓಡಿಸಿ ನೋಡುವುದಕ್ಕೂ ಸ್ಟೇರಿಂಗ್ ಮುಟ್ಟುವುದಿಲ್ಲ, ಬೇರೆಯವರನ್ನು ಕೂರಿಸಿ ತಾನು ಪಕ್ಕದಲ್ಲಿ ಕೂತು ಕಿವಿಗೊಡುತ್ತಾನೆ, ಕಾರಣ ನಿಮಗೆ ಗೊತ್ತಿರಬಹುದೇ, ಅಂತ. ನೀನು ಓಡಿಸುವುದು ಬಿಟ್ಟದ್ದು ನನಗೆ ಗೊತ್ತಿರಲಿಲ್ಲ ಪಾಂಡು. ಹದಿನಾಲ್ಕನೇ ವರ್ಷಕ್ಕೆ ಮಾವಳ್ಳಿಯ ಗದ್ದೆಯ ಅಗಲ ಬದುವಿನ ಮೇಲೆ ಅಪ್ಪನ ಶೆವರ್ಲೆ ಓಡಿಸಿದವ ನೀನು.

ಇಷ್ಟು ಬರೆದು ಎದ್ದು ಹೋಗಿ ಬಾವಿಕಟ್ಟೆಗೆ ಎರಡು ಸುತ್ತು ಬಂದೆ. ಇರಲಿ, ಮೊದಲು ಕುಮಟೆ.

ಕುಮಟೆಗೆ ಮೂರು ಸಲ ಹೋದೆ. ಮೊದಲನೇ ಸಲ ಕಡಲ ದಂಡೆ ಎಷ್ಟು ಚೆಂದ ಅನಿಸಿತು. ಗಟ್ಟಿ ಮರಳು, ಕಣ್ಣು ಹೋಗುವಷ್ಟು ದೂರ ಸಪಾಟು. ಇಪ್ಪತ್ತೊಂದು ಮೋಟಾರು ಸಾಲಾಗಿ ಸಮುದ್ರಕ್ಕೆ ಮುಖ ಮಾಡಿ ನಿಂತಂತೆ ಊಹಿಸಿ ಅಲ್ಲೇ ಅರ್ಧ ಪದ್ಯ ಆಯಿತು. ಪ್ರವಾಸಿ ಬಂಗಲೆ ಕಾಯುವ ಶುಕ್ರ ನನ್ನ ಹಿಂದೆಯೇ ಬಂದಿದ್ದ. “ಜಾಗ ಪಾಡಿದೆ ಒಡೆಯಾ, ಚೆಂದಿದೆ. ಆದ್ರೆ ನೀವು ನೋಡೂಕೆ ಬಂದದ್ದು ಅಷ್ಟಮಿಗೆ. ಅವ್ರು ಬರೂದು ಹುಣ್ವೆಗೆ. ಹುಣ್ವೆ ಭರ್ತಿಗೆ ನೀರು ಇಲ್ಲೀವರೆಗೆ ಏರ್ತದೆ, ನಿಮ್ಮ ಗಾಡಿ ಎಲ್ಲಾ ಗೋವೆಗೆ ಹೋತು ಕಾಣಿ” ಅಂದ. ಪಂಚಾಂಗ ಮನೆಯಲ್ಲೇ ತೂಗುಹಾಕಿಕೊಂಡು ಕಡಲ ಪಕ್ಕವೇ ಹುಟ್ಟಿದವನಿಗೆ ಇದು ಹೊಳೆಯಬಾರದೆ? ಎರಡನೇ ಸಲ ಹೋಗಿ ಪೇಟೆಯ ಮೈದಾನ ನೋಡಿದೆ, ದನಗಳ ಷರತ್ತು ನೆನಪಾಗಿ ತಿರುಗಿದೆ. ಮೂರನೇ ಸಲ ಶುಕ್ರನೇ ಒಂದು ಹಳೇ ಹತ್ತಿ ಗೋದಾಮಿನ ಅಂಗಳ ತೋರಿಸಿದ. ಹಡಗುಗಳು ಇಲ್ಲಿಂದ ಹತ್ತಿ ಒಯ್ಯುತ್ತಿದ್ದ ಕಾಲದ್ದು. ಕಲ್ಲು ಹಾಸಿದ ಅಂಗಳ, ಸುತ್ತ ಗೋಡೆ, ನಡುವೆ ಬಾವಿ, ಎರಡು ಹೊನ್ನೆ ಮರ. ಹಳೆಯದು ಹಳೆಯದರ ಮಗ್ಗುಲಲ್ಲಿ ನಿಲ್ಲಲಿ ಅಂತ ಗೊತ್ತುಮಾಡಿದೆ. ಬರುವಾಗ ಶುಕ್ರ ಕೇಳಿದ: “ಅಲ್ಲಾ ಮಾಸ್ತರ್ರೇ, ಹಳೇ ಗಾಡಿ ತೋರ್ಸೂಕೆ ಬೊಂಬಾಯಿಂದ ಇಲ್ಲೀವರೆಗೆ ಎಂತಕ್ಕೆ ಬರೂದು? ನಾವು ದಿನಾ ಕೂತ್ಕಂಡು ಹೋಗೂ ಬಸ್ಸು ಇದ್ಯಲಾ.”

ಹೊನ್ನಾವರದ್ದು ಹೆಚ್ಚು ಕಷ್ಟವಾಗಲಿಲ್ಲ. ನಮ್ಮ ಶಾಲೆಯ ಮೈದಾನ. ಹೆಡ್‌ಮಾಸ್ತರರು ಒಪ್ಪಿದ್ದಾರೆ. ಆದರೆ ಒಪ್ಪಿದ ಸಂಜೆಯೇ ನನಗೆ ಸಮಾಧಾನ ತಪ್ಪಿತು. ಮೈದಾನದ ಮೂಲೆಗೆ ನಿಂತರೆ ಹೊಳೆ ಕಾಣುತ್ತದೆ, ಹೊಳೆಯ ಮೇಲೆ ಗಾಡಿ ದಾಟಿಸುವ ಜಂಗಲ್ ಕಾಣುತ್ತದೆ. ಬೇಡ, ಬಂದರದ ಕಡೆ ನೋಡುವಾ ಅಂತ ಹೋದೆ. ಅಲ್ಲಿ ಇನ್ನೂ ಹತ್ತಿರ. ದೇವಸ್ಥಾನದ ಹಿಂದಿನ ಬಯಲು ನೋಡಿದೆ, ಅಲ್ಲಿಂದ ಕಾಣುವುದಿಲ್ಲ, ಆದರೆ ಜಂಗಲ್ ನಡೆಸುವ ಕುಪ್ಪ ಕೂಗುವುದು ಕೇಳುತ್ತದೆ. ಮತ್ತೆ ಮೈದಾನಕ್ಕೇ ಬಂದೆ. “ನೀವು ಗಾಡಿಗೆ ಜಾಗ ನೋಡೂದೋ, ಮಗಳಿಗೆ ಗಂಡು ನೋಡೂದೋ? ಇಷ್ಟು ಮನೆ ತಿರುಗ್ದ್ರೆ ಎರಡೂ ಸಿಕ್ತಿತ್ತು” ಅಂತ ಹೊನ್ನಮ್ಮ ಚಹ ಇಡುತ್ತ ಹೇಳಿದಳು. ನಮಗೆ ಮಗಳಿಲ್ಲ ಎಂಬುದು ಅವಳ ವಾದಕ್ಕೆ ಎಂದೂ ಅಡ್ಡ ಬಂದಿಲ್ಲ.

ಏಳು ಪ್ರಶ್ನೆಗಳ ಹಾಳೆಯಲ್ಲಿ ಐದನ್ನು ಅದೇ ವಾರ ತುಂಬಿದೆ. ಏಳನೆಯದು ಊಟದ್ದು, ಅದನ್ನೂ ತುಂಬಿದೆ. ಉಳಿದದ್ದು ಆರನೆಯ ಕಲಮು. ದಾರಿಯಲ್ಲಿ ಗಾಡಿಗಳನ್ನು ದೋಣಿಯಲ್ಲಿ ದಾಟಿಸುವ ಹೊಳೆ ಇದೆಯೇ. ಅಲ್ಲಿ ಹಿಂದೆ ಯಾವುದಾದರೂ ವಾಹನಕ್ಕೆ ಅಪಘಾತ ಆಗಿದೆಯೇ. ಆಗಿದ್ದರೆ ಕಾರಣ ಏನು. ಮೊದಲ ಎರಡಕ್ಕೆ ಉತ್ತರ ಹೌದು, ಹೌದು. ಮೂರನೆಯದಕ್ಕೆ ಊರಿಗೆಲ್ಲ ಗೊತ್ತಿರುವ ಉತ್ತರವನ್ನು ಒಂದು ಚೀಟಿಯ ಮೇಲೆ ಕಚ್ಚಾ ಬರೆದು ನೋಡಿದೆ. ಅದನ್ನು ನಿನಗೂ ಓದಿಸುತ್ತೇನೆ, ತಪ್ಪಿದ್ದರೆ ತಿದ್ದು.

“ಒಂಬತ್ತು ವರ್ಷದ ಹಿಂದೆ, ಮಾಘ ಮಾಸದಲ್ಲಿ, ಮಾವಳ್ಳಿಯ ಮದುವೆ ದಿಬ್ಬಣ ತರಲು ಹೊರಟ ಒಂದು ಬಾಡಿಗೆ ಶೆವರ್ಲೆ ಗಾಡಿ ಜಂಗಲ್ ಹತ್ತಿತು. ಜಂಗಲ್ ಎಂದರೆ ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ್ದು. ಹಿಂದೆ ಮುಂದೆ ತಡೆ ಇಲ್ಲ. ಇಲ್ಲಿಯ ಪದ್ಧತಿ ಹೀಗೆ: ಗಾಡಿ ನಿಂತ ಮೇಲೆ ಡ್ರೈವರು ಕೈಬ್ರೇಕು ಎಳೆದು ಕೆಳಗಿಳಿಯಬೇಕು. ಗಾಡಿಯ ಜೊತೆಗೆ ಬಂದವನು ಹಲಸಿನ ಮರದ ಉದ್ದದ ಮಣೆಯನ್ನು ಎರಡೂ ಹಿಂಗಾಲಿಗೆ ಒತ್ತಿ ಇಡಬೇಕು. ದೋಣಿಯವರು ಗಾಡಿ ಮುಟ್ಟುವುದಿಲ್ಲ. ಅವರು ‘ಮಣೆ ಇಟ್ಟಾತಾ?’ ಅಂತ ಕೂಗಬೇಕು, ಜೊತೆಗಿದ್ದವನು ‘ಆತು’ ಅನ್ನಬೇಕು, ಆಮೇಲೆಯೇ ಹುಟ್ಟು ನೀರಿಗೆ. ಬ್ರೇಕೊಂದೇ ಸಾಲದು, ಮಣೆಯೊಂದೇ ಸಾಲದು, ಎರಡೂ ಬೇಕು. ಆ ದಿನ ಆಚೆ ದಡಕ್ಕೆ ಜಂಗಲ್ ಬಡಿದು ಮುಂದಿನ ತುದಿ ಮೇಲೆದ್ದ ಕೂಡಲೇ ಗಾಡಿ ಹಿಂದೆ ಜಾರಿ ಹೊಳೆಗೆ ಬಿತ್ತು. ಒಳಗೆ ಜನ ಇರಲಿಲ್ಲ. ಎರಡು ಬಾಳೆಗೊನೆ ಇದ್ದವು, ತೇಲಿಹೋದವು. ಮಣೆ ಇಟ್ಟಿದ್ದಕ್ಕೆ ಜೊತೆಗಿದ್ದವನ ಮಾತು ಇತ್ತು, ಆತ ಶಾಲಾ ಮಾಸ್ತರ. ಆದ್ದರಿಂದ ಡ್ರೈವರು ಬ್ರೇಕು ಹಾಕಲು ಮರೆತಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿದರು.”

ಎಷ್ಟು ನೀಟಾದ ಗದ್ಯ ನೋಡು. ಪರೀಕ್ಷೆಯಲ್ಲಾದರೆ ಹತ್ತಕ್ಕೆ ಎಂಟು ಕೊಡುತ್ತಿದ್ದೆ. ನೀನು ದಡದ ಮೇಲೆ ನಿಂತು “ಹಾಕಿದ್ದೆ ಅಪ್ಪಾ, ಹಾಕಿದ್ದೆ” ಅಂದದ್ದು ಇದರಲ್ಲಿ ಬಂದಿಲ್ಲ. ಸುದ್ದಿ ಕೇಳಿ ಬಂದ ಅಪ್ಪ ನೆರೆದ ಜನರ ಮಧ್ಯೆ “ಹಾಕಿದ್ರೆ ಗಾಡಿ ಎಲ್ಲಿಗೆ ಹೋಗ್ತಿತ್ತು? ಇನ್ನು ಯಾವ ಸ್ಟೇರಿಂಗೂ ಮುಟ್ಬೇಡ ನೀನು” ಅಂದದ್ದೂ ಬಂದಿಲ್ಲ. ಮೂರನೇ ದಿನಕ್ಕೆ ನೀನು “ಮರ್ತೆನೋ ಏನೋ” ಅಂತ ನನ್ನ ಹತ್ತಿರ ಒಮ್ಮೆ ಹೇಳಿದ್ದು, ಮರುದಿನ ಬೊಂಬಾಯಿ ಬಸ್ಸು ಹತ್ತಿದ್ದು, ಅದೂ ಇಲ್ಲ. ಚೀಟಿಯನ್ನು ಹರಿದು ಬಿಸಾಡಿದೆ. ಕಲಮು ಖಾಲಿಯೇ ಉಳಿಯಿತು.

ಹಾಗೆ ಖಾಲಿ ಇಟ್ಟುಕೊಂಡೇ ಭಟ್ಕಳಕ್ಕೆ ಹೊರಟೆ. ಹೊಳೆ ದಾಟದೆ ಭಟ್ಕಳ ಇಲ್ಲವಲ್ಲ.

ಕುಮಟೆಯಲಿ ಚಹ ಕುಡಿ, ಹೊನ್ನಾವರದಲಿ ಮೆಲ್ಲು;
ಭಟ್ಕಳಕ್ಕೆ ಹೊರಟೆಯೋ, ಹೊಳೆಯೆಂದಿತು: ನಿಲ್ಲು.

ಒಂಬತ್ತು ವರ್ಷದಿಂದ ನಾನು ದಾಟಬೇಕಾದಾಗಲೆಲ್ಲ ಜನ ದಾಟುವ ಸಣ್ಣ ದೋಣಿಯಲ್ಲೇ ಹೋದವ, ಅದೂ ಆಕಾಶ ನೋಡುತ್ತ. ಈ ಸಲ ಗಾಡಿಗಳ ಕೆಲಸ, ಜಂಗಲ್‌ನಲ್ಲೇ ಹೋಗಬೇಕಾಯಿತು. ಕುಪ್ಪನ ಗಡ್ಡ ಪೂರಾ ಬೆಳ್ಳಗಾಗಿದೆ, ಗಂಟಲು ಹಾಗೇ ಇದೆ. “ಓಹೋ ಮಾಸ್ತರ್ರು! ಹೊಳೆ ಈ ಬದಿಲೂ ಇತ್ತು ಅಂತ ನೆನಪಾತಾ?” ಅಂದ. ನಮ್ಮ ಜೊತೆ ಒಂದು ಅಕ್ಕಿ ಲಾರಿ ಹತ್ತಿತು. ಕುಪ್ಪ “ಮಣೆ ಇಟ್ಟಾತಾ?” ಅಂತ ಕೂಗಿದ. ಲಾರಿಯವನು “ಆತು” ಅಂದ. ಆದರೆ ಹುಟ್ಟು ನೀರಿಗೆ ಇಳಿಯಲಿಲ್ಲ. ಕುಪ್ಪ ತಾನೇ ನಡೆದುಕೊಂಡು ಬಂದು, ಹಿಂಗಾಲಿನ ಹತ್ತಿರ ಬಗ್ಗಿ, ಮಣೆಗೆ ಕಾಲಿನಿಂದ ಎರಡು ಸಲ ಒದ್ದು ನೋಡಿ ಹೋದ. ಲಾರಿಯವನಿಗೆ ಸಿಟ್ಟು ಬಂತು, “ಆತು ಅಂದ್ನಲಾ!” ಅಂದ. ಕುಪ್ಪ ನನ್ನ ಮುಖ ನೋಡುತ್ತ ಅವನಿಗೆ ಹೇಳಿದ: “ಬಾಯಲ್ಲಿ ಆತು ಅಂದ್ರೆ ಆತಾ? ಒಂಬತ್ತು ವರ್ಸ ಆತು ನಾ ಬಾಯಿ ನಂಬೂದು ಬಿಟ್ಟು. ನಂಗೆ ನನ್ನ ಕಾಲೇ ಸೈ.”

ನಡು ಹೊಳೆಯಲ್ಲಿ ಮತ್ತೆ ನನ್ನ ಪಕ್ಕಕ್ಕೆ ಬಂದ. “ಈ ಮಣೆ ಗುರ್ತ ಸಿಕ್ತಾ ಮಾಸ್ತರ್ರೇ? ಅದೇ ಮಣೆ. ಹಲಸಿಂದು, ಮುಳುಗೂದಿಲ್ಲ. ಮರುದಿನ ನೀರಿನ ಇಳತಕ್ಕೆ ಕಾಸರಕೋಡ ದಡಕ್ಕೆ ತಾನಾಗೇ ಬಂದಿತ್ತು. ಮೇಲೆ ಒಂದು ಗೀರು ಇರ್ಲಿಲ್ಲ ಕಾಣಿ, ಆಚಾರಿ ಆಗ ತಾನೇ ಕೊಟ್ಟ ಹಾಂಗೆ.” ನಾನು ಈ ವರ್ಷ ಹೊಳೆಯಲ್ಲಿ ನೀರು ಚೆನ್ನಾಗಿದೆ ಅಂದೆ. ಹೊಳೆಯಲ್ಲಿ ಮತ್ತೆ ಎಂತ ಚೆನ್ನಾಗಿರಬೇಕು! ಕುಪ್ಪನೂ ಹೌದು ಅಂದ.

ಕಾಸರಕೋಡದಲ್ಲಿ ಇಳಿದು, ಭಟ್ಕಳದವರೆಗೆ ಹೋಗುವುದೇ ಬೇಡ, ಇಲ್ಲೇ ದಡದ ಮೇಲೆ ಗಾಡಿ ನಿಲ್ಲಿಸಿ ಅದನ್ನೇ ಭಟ್ಕಳ ಅಂದುಬಿಡುವಾ ಅಂತ ಒಂದು ಕ್ಷಣ ಅನಿಸಿತು. ಮರಳಿನ ಬಯಲು ಇತ್ತು, ಗಾಳಿ ಮರದ ನೆರಳೂ ಇತ್ತು. ಅಲ್ಲಿ ದುರ್ಗಿ ಮೀನು ಒಣಗಿಸುತ್ತಿದ್ದಳು. ಒಂದು ದಿನಕ್ಕೆ ಬಯಲು ಬಿಟ್ಟುಕೊಡುತ್ತೀಯಾ ಅಂತ ಕೇಳಿದೆ. “ನಿಮ್ಮ ಹಳೇ ಗಾಡಿಗೆ ನೆರಳು ಬೇಕು, ನನ್ನ ಮೀನಿಗೆ ಬಿಸ್ಲು ಬೇಕು. ಇಬ್ರಲ್ಲಿ ಯಾರ್ ಏಳೂದು?” ಅಂದಳು. ಅವಳ ಕೈಯಲ್ಲಿ ಕಾಗೆ ಓಡಿಸುವ ಕೋಲಿತ್ತು, ನಾನೇ ಎದ್ದೆ.

ಭಟ್ಕಳದಲ್ಲಿ ಬಟ್ಟೆ ಅಂಗಡಿಯ ಮೀರಾನ್ ಸಾಹೇಬರ ಮನೆಗೆ ಹೋದೆ. ಅವರ ತೆಂಗಿನ ಕಂಪೌಂಡು ನಿನಗೆ ಗೊತ್ತು. ಗುಡಿಸಿದ ಅಂಗಳ, ಎರಡು ಬಾವಿ, ದನ ಬರದ ಹಾಗೆ ಎದೆಮಟ್ಟದ ಗೋಡೆ. ಏಳು ಪ್ರಶ್ನೆಗಳನ್ನು ಅಚ್ಚು ಹಾಕಿಸಿದವರು ಇದನ್ನೇ ಎದುರಿಟ್ಟುಕೊಂಡು ಬರೆದಂತಿದೆ. ಸಾಹೇಬರು ಚಹ ತರಿಸಿ, “ಮಾಸ್ತರ್, ಜಾಗ ನಿಮ್ದೇ. ಲೇಕಿನ್ ತೆಂಗ್ನಕಾಯಿ ನನ್ನ ಮಾತು ಕೇಳೋದಿಲ್ಲ. ಮೋಟಾರ್ ತಲೆ ಮೇಲೆ ಬಿದ್ರೆ ನಂಗೆ ಕೇಳ್ಬೇಡಿ” ಅಂದರು. ಮತ್ತೆ ತಾವೇ ಯೋಚಿಸಿ, ಸಮ್ಮೇಳನದ ಮುಂಚಿನ ವಾರ ಕಾಯಿ ಎಲ್ಲ ಕೊಯ್ಯಿಸುತ್ತೇನೆ ಅಂದರು. ಆಮೇಲೆ ನಿನ್ನ ಸುದ್ದಿ ಬಂತು. ಅವರ ದೊಡ್ಡ ಮಗನ ನಿಕಾಹಿಗೆ ಮದುಮಗನನ್ನು ಕರೆತಂದವ ನೀನೇ ಅಂತೆ. ಶಿರಾಲಿಯ ತಿರುವಿನಲ್ಲಿ ಎತ್ತಿನಗಾಡಿ ಅಡ್ಡ ಬಂದಾಗ ನೀನು ಗಾಡಿ ನಿಲ್ಲಿಸಿದ ರೀತಿಗೆ, ಮದುಮಗನ ಕೈಯ ಶರಬತ್ತು ಲೋಟದಿಂದ ಒಂದು ಹನಿ ಚೆಲ್ಲಲಿಲ್ಲ ಅಂತೆ. “ಅಂಥಾ ಹುಡ್ಗ ಬ್ರೇಕ್ ಮರೀತಾನಾ ಮಾಸ್ತರ್? ಆಗ್ಲೂ ನಾನು ಒಪ್ಲಿಲ್ಲ, ಈಗ್ಲೂ ಒಪ್ಪೋದಿಲ್ಲ” ಅಂದರು. ಚಹ ಬಿಸಿ ಇತ್ತು, ನಾನು ಊದುತ್ತ ಕೂತೆ.

ಬರುವಾಗ ಮತ್ತೆ ಕುಪ್ಪ. ಜನವರಿಯಲ್ಲಿ ಇಪ್ಪತ್ತೊಂದು ಗಾಡಿ ದಾಟಿಸಬೇಕು ಅಂದೆ. ಅವನು ಬೀಡಿ ಕಚ್ಚಿಕೊಂಡೇ ಲೆಕ್ಕ ಹಾಕಿದ, ಭರತಿಗೆ ಎಷ್ಟು, ಇಳತಕ್ಕೆ ಎಷ್ಟು ಅಂತ. “ದಾಟಿಸ್ತೆ. ಆದ್ರೆ ಹಲಗೆ ಮೇಲೆ ಗಾಡಿ ಹತ್ಸೂಕೆ ಪಾಂಡು ಬರ್ಬೇಕು. ಅವ ಸ್ಟೇರಿಂಗ್‌ಲಿ ಕೂತ್ರೆ ಇಪ್ಪತ್ತೊಂದಲ್ಲ, ನೂರು ದಾಟಿಸ್ತೆ. ಬೊಂಬಾಯಿ ಡ್ರೈವರ್ರು ಕೂತ್ರೆ ನಾ ಹಗ್ಗ ಬಿಚ್ಚೂದಿಲ್ಲ. ಅವ ಬರ್ದೇ ಇದ್ರೆ ಭಟ್ಕಳ ಗಿಟ್ಕಳ ಎಲ್ಲ ಬಿಡಿ, ಈ ಬದಿಲೇ ಮುಗ್ಸಿ ಕಳ್ಸಿ.” ಹೇಳಿ ಬೀಡಿಯ ಬೂದಿ ಹೊಳೆಗೆ ಕೊಡವಿ, “ಅವ ಬರೂದು ಬಿಡೂದು ನಿಮ್ಮ ಕೈಲದೆ ಮಾಸ್ತರ್ರೇ” ಅಂದ. ಅವನ ಧ್ವನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಹಾಗಾಗಿ ಸಭಿಕರೇ, ಸ್ಥಳದ ಆಯ್ಕೆ ಈಗ ಇಷ್ಟಕ್ಕೆ ಬಂದು ನಿಂತಿದೆ. ಭಟ್ಕಳ ಬಿಟ್ಟು ಪಟ್ಟಿ ಕಳಿಸಿದರೆ ಎಲ್ಲ ಸುಸೂತ್ರ. ಗಾಡಿಗಳು ಕುಮಟೆ, ಹೊನ್ನಾವರ ನೋಡಿ ಘಟ್ಟ ಹತ್ತುತ್ತವೆ, ನೀನು ಶಿರಸಿಯಲ್ಲೇ ಕಾದು ಅವುಗಳ ಜೊತೆ ಹೋಗುತ್ತೀಯ, ಆರನೆಯ ಕಲಮಿಗೆ ‘ಹೊಳೆ ಇಲ್ಲ’ ಅಂತ ಬರೆದರೆ ಸಾಕು. ಭಟ್ಕಳ ಇಟ್ಟರೆ ನೀನು ಇಳಿದು ಬರಬೇಕು, ಸ್ಟೇರಿಂಗ್ ಹಿಡಿಯಬೇಕು. ಈ ವಾರ ಐದು ಪಟ್ಟಿ ಬರೆದೆ. ಸೋಮವಾರದ್ದರಲ್ಲಿ ಭಟ್ಕಳ ಇತ್ತು. ಮಂಗಳವಾರ ಹೊಡೆದು ಹಾಕಿದೆ. ಬುಧವಾರ ಮತ್ತೆ ಬರೆದು, ಪೋಸ್ಟಾಫೀಸಿನವರೆಗೆ ಹೋಗಿ, ಡಬ್ಬಿಯ ಬಾಯಿಗೆ ಕೈ ಹಾಕಿ, ಹಾಗೇ ವಾಪಸು ತಂದೆ. ಪೋಸ್ಟಮಾಸ್ತರರು ಕಿಟಕಿಯಿಂದ ನೋಡುತ್ತಿದ್ದರು, ನನಗೆ ಡಬ್ಬಿಯಲ್ಲಿ ಹಾವು ಕಂಡಿತೋ ಅಂತ ಕೇಳಿದರು. ಕ್ಲಾಸಿನಲ್ಲಿ ಪಾಠ ನಡುವೆ ನಿಲ್ಲುತ್ತದೆ. ಮಕ್ಕಳಿಗೆ ಖುಷಿ.

ಅಪ್ಪನಿಗೆ ನಾನು ಈ ಸುದ್ದಿ ಹೇಳಿರಲಿಲ್ಲ. ಆದರೆ ಶುಕ್ರವಾರದ ಪೇಟೆಗೆ ಹೋಗಿಬಂದವರಿಂದ ಅವನಿಗೆ ಗೊತ್ತಾಗಿದೆ. “ಇಪ್ಪತ್ತೊಂದು ಗಾಡಿ ಬರ್ತದಂತೆ ಹೌದಾ? ಎಲ್ಲ ಸದ್ದು ಗುರ್ತ ಹಿಡೀತೆ ನೋಡು” ಅಂದ. ಆಮೇಲೆ, ಬೇರೆ ಯಾರದ್ದೋ ವಿಚಾರ ಕೇಳುವ ಹಾಗೆ, “ಮೇಸ್ತ್ರಿನೂ ಬರ್ತನಾ?” ಅಂದ. ನಿನ್ನ ಹೆಸರು ಅವನು ಹೇಳುವುದಿಲ್ಲ, ಮೇಸ್ತ್ರಿ ಅನ್ನುತ್ತಾನೆ. ನಮ್ಮ ಶೆವರ್ಲೆ ಹಿತ್ತಿಲಲ್ಲಿ ಹಾಗೇ ಇದೆ. ಹೊಳೆಯಿಂದ ಎತ್ತಿದ ಮೇಲೆ ಉಪ್ಪು ತಿಂದು ಹಾಕಿತು. ಹಿಂದಿನ ಸೀಟಿನಲ್ಲಿ ಹೊನ್ನಮ್ಮನ ಕೋಳಿಗಳು ಮೊಟ್ಟೆ ಇಡುತ್ತವೆ. ಅದೂ ಹುಟ್ಟಿ ಈಗ ಮೂವತ್ತಮೂರು ವರ್ಷ, ಇದ್ದಿದ್ದರೆ ಸಾಲಿನಲ್ಲಿ ಇಪ್ಪತ್ತೆರಡನೆಯದಾಗಿ ನಿಲ್ಲುತ್ತಿತ್ತು.

ಬರೆದದ್ದು ಹೆಚ್ಚಾಯಿತು, ಹೇಳಿದ್ದು ಕಡಿಮೆ. ಬೆನ್ನಿಗೆ ಬಿಸಿನೀರು ಹಾಕಿಕೋ, ಹೋಟೆಲಿನ ಮೀನು ತಿನ್ನಬೇಡ. ಅಬ್ಬೆ ನಿನ್ನ ತಲೆ ಮೇಲೆ ಕೈ ಇಟ್ಟಿದ್ದಾಳೆ ಅಂತ ತಿಳಿದುಕೋ, ಅವಳ ಕೈ ಈಗಲೂ ಅಷ್ಟು ಉದ್ದ ಚಾಚುತ್ತದೆ. ಹೊನ್ನಮ್ಮ ಎಣ್ಣೆ ಬಾಟಲಿಯ ಬಿರಡೆ ಬಿಗಿ ಮಾಡಿ ಕಾಯುತ್ತಿದ್ದಾಳೆ. ಹೊಳೆಯ ಈಚೆ ದಡದಿಂದ, ನಿನಗೆ ಒಳ್ಳೆಯದೇ ಆಗಲಿ ಎಂದು ಬಯಸುವ,

ನಿನ್ನ ಅಣ್ಣ
ವೆಂಕಟ

ತಾ.ಕ.: ಸೋಮವಾರ ಬೆಳಿಗ್ಗೆ. ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಒಳಗೆ ಟಪ್ಪಾಲು ಚೀಲ ಕಟ್ಟುತ್ತಿದ್ದಾರೆ. ಕಾರ್ಯದರ್ಶಿಗಳ ಲಕೋಟೆ ಡಬ್ಬಿಗೆ ಹಾಕಿಯಾಯಿತು. ಪಟ್ಟಿಯಲ್ಲಿ ಭಟ್ಕಳ ಇದೆ. ಆರನೆಯ ಕಲಮನ್ನೂ ತುಂಬಿದ್ದೇನೆ. ಅಲ್ಲಿ ಬರೆದದ್ದು ಅವರಿಗಿಂತ ಮೊದಲು ನಿನಗೆ ಗೊತ್ತಾಗಬೇಕಿತ್ತು. ಸಭೆ, ವರದಿ, ಸ್ಥಳ ಎಲ್ಲ ಸಾಕು. ಕುಪ್ಪ ಕೂಗಿದಾಗ ‘ಆತು’ ಅಂದವ ನಾನು. ಮಣೆ ಇಟ್ಟಿರಲಿಲ್ಲ. ಅದು ನನ್ನ ತೊಡೆಯ ಮೇಲಿತ್ತು. ಅದರ ಮೇಲೆ ಕಾಗದ ಇಟ್ಟುಕೊಂಡು ಶಾಲಾ ಇನ್‌ಸ್ಪೆಕ್ಟರ್ ಸಾಹೇಬರಿಗೆ ಸ್ವಾಗತ ಪದ್ಯ ಬರೆಯುತ್ತಿದ್ದೆ, ‘ತೋರಣ’ಕ್ಕೆ ಪ್ರಾಸ ಸಿಕ್ಕಿರಲಿಲ್ಲ. ಗಾಡಿ ಹೋದ ಮೇಲೆ ಎಲ್ಲರೂ ನೀರು ನೋಡುತ್ತಿದ್ದಾಗ ಮಣೆಯನ್ನು ಕಾಲಿನಿಂದ ಹೊಳೆಗೆ ನೂಕಿದೆ. ಕುಪ್ಪ ನೋಡಿದ್ದ. ನಿನ್ನೆ ಸಂಜೆ ಅಪ್ಪನಿಗೆ ಹೇಳಿದೆ. ಅವನು ಎದ್ದ. ಗೋಡೆ ಹಿಡಿದು ಹಿತ್ತಿಲಿಗೆ ಹೋಗಿ, ಕೋಳಿ ಓಡಿಸಿ, ಗಾಡಿಯ ಸ್ಟೇರಿಂಗಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತ. “ಮುಟ್ಬೇಡ ಅಂದಿದ್ದೆ ಪಾಂಡುಗೆ. ಮುಟ್ಟು ಅಂತ ಬರಿ” ಅಂದ. ಬರೆದಿದ್ದೇನೆ. ನೀನು ಬ್ರೇಕು ಹಾಕಿದ್ದೆ. ಕೈಬ್ರೇಕಿನ ಹಲ್ಲು ಕಿರ್ರೆಂದು ಕಚ್ಚಿದ ಸದ್ದು ಆ ದಿನ ನಾನು ಕೇಳಿದ್ದೆ.